ಅಲ್ಲಿಯ ಬೂದಿ, ನಮ್ಮ ಉಸುಕು

"ಓಡಿ ಓಡಿ ಕುಡ್ಯಾಕ ಅಷ್ಟ್ ದೂರ ಹೋಗ್ಬೇಕಿತ್ತೇನು?" ಲಂಡನ್ನಿಂದ ಯಲಬುರ್ಗಾಕ್ಕೆ ಬಂದಿಳಿದ ನನಗೆ ಅಮ್ಮ ಕೇಳಿದ ಮೊದಲ ಮಾತು ಇದು. ನಾನು ತಂದ ವೈನ್ ಬಾಟಲಿಗೆ ಮನೆಯೊಳಗೆ ಜಾಗ ಸಿಗಲಿಲ್ಲ. ಅದೀಗ ಕೊಟ್ಟಿಗೆಯಲ್ಲಿ, ಹಿಂಡಿ ಚೀಲದ ಹಿಂದೆ ಕೂತಿದೆ. ಎಮ್ಮೆಯ ತಕರಾರೇನಿಲ್ಲ.

ನಾನು ಹೋಗಿದ್ದು ಲಾಂಜರೋಟೆಗೆ. ಆಫ್ರಿಕಾದ ಕರಾವಳಿ ಪಕ್ಕದಲ್ಲಿ ಸ್ಪೇನ್‌ಗೆ ಸೇರಿದ ಕೆನರಿ ದ್ವೀಪಗಳಿವೆಯಲ್ಲ, ಅದರಲ್ಲೊಂದು. 1730ರ ಸೆಪ್ಟೆಂಬರ್ 1ರ ರಾತ್ರಿ ಅಲ್ಲಿ ಜ್ವಾಲಾಮುಖಿ ಸಿಡಿದು ನೆಲ ಬಾಯಿ ಬಿಟ್ಟಿತು ಅಂತ ಯೈಸಾ ಊರಿನ ಪಾದ್ರಿಯೊಬ್ಬರು ಬರೆದಿಟ್ಟಿದ್ದಾರೆ. ಬೆಂಕಿ ಆರಿದ್ದು 1736ರಲ್ಲಿ. ಅಷ್ಟರಲ್ಲಿ ದ್ವೀಪದ ಸುಮಾರು ಕಾಲು ಭಾಗ ಲಾವಾ, ಬೂದಿಯಲ್ಲಿ ಮುಚ್ಚಿಹೋಗಿತ್ತು. ನಮ್ಮವರಾಗಿದ್ದರೆ ಊರು ಬಿಟ್ಟು ಗೋವಾಕ್ಕೆ ದುಡಿಯೋಕೆ ಹೋಗಿರೋರು. ಅಲ್ಲೂ ತುಂಬಾ ಜನ ಬಿಟ್ಟುಹೋದರು. ಉಳಿದವರು ಬೂದಿ ಅಗೆದರು. ಕೆಳಗೆ ಹಳೇ ಮಣ್ಣು ಸಿಗೋ ತನಕ ಅಗೆದು, ಗುಂಡಿಗೊಂದು ದ್ರಾಕ್ಷಿ ಬಳ್ಳಿ ನೆಟ್ಟರು. ಕೆಲವು ಗುಂಡಿ ಮೂರು ಮೀಟರ್ ಆಳ ಇವೆ. ಗಾಳಿ ಬರೋ ಕಡೆಗೆ, ಗಾರೆ ಇಲ್ಲದೆ ಪೇರಿಸಿದ ಅರ್ಧ ಚಂದ್ರದಂಥ ಕಲ್ಲಿನ ಗೋಡೆ. ಲಾ ಹೇರಿಯಾ ಅನ್ನೋ ಆ ಕಣಿವೆ ತುಂಬಾ ಇಂಥ ಗುಂಡಿಗಳೇ.

ಜೂನ್‌ನಲ್ಲಿ ಆ ತೋಟಗಳ ನಡುವೆ ಓಟ ಇಡುತ್ತಾರೆ. ನಾನು ಹೆಸರು ಕೊಟ್ಟಿದ್ದು ಚಿಕ್ಕ ದೂರಕ್ಕೆ, ಅದರಲ್ಲೂ ಅರ್ಧ ನಡೆದೆ. ಕಾಲಡಿ ಆ ಬೂದಿಯ ಕರಿ ಹರಳು ಸರಸರ ಅನ್ನುತ್ತೆ, ಮಂಡಕ್ಕಿ ಚೀಲದ ಮೇಲೆ ಓಡಿದ ಹಾಗೆ. ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯೊಬ್ಬರು ನನ್ನನ್ನು ದಾಟಿ ಹೋದರು. ಅದನ್ನು ಅಮ್ಮನಿಗೆ ಹೇಳಿಲ್ಲ. ಕೊನೆಗೆ ಒಂದು ಗ್ಲಾಸ್ ಮಾಲ್ವಸಿಯಾ ವೈನ್, ಉಪ್ಪಲ್ಲಿ ಬೇಯಿಸಿದ ಸುಕ್ಕು ಆಲೂಗಡ್ಡೆ, ಜೊತೆಗೆ ಒಣಮೆಣಸು ಬೆಳ್ಳುಳ್ಳಿಯ ಮೋಹೋ ಅನ್ನೋ ಚಟ್ನಿ. ನಮ್ಮ ರಂಜಕದ ತಂಗಿ ಅನ್ನಬಹುದು, ಖಾರ ಮಾತ್ರ ಕಮ್ಮಿ.

ವೈನ್ ಸುರಿಯುತ್ತಿದ್ದ ಮುದುಕ "ಇಲ್ಲಿ ಮಳೆ ಬರಲ್ಲ" ಅಂದ. ಮಗ ಡಾಕ್ಟರ್ ಆದ ಅನ್ನೋ ಹೆಮ್ಮೆ ಆ ದನಿಯಲ್ಲಿ. ಎದೆಗೆ ಚುಚ್ಚಿದ್ದು ಅದೇ. ಅಲ್ಲಿ ವರ್ಷಕ್ಕೆ ಸುಮಾರು 150 ಮಿಲಿಮೀಟರ್ ಮಳೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಅದರ ಮೂರು ಪಟ್ಟಿಗಿಂತ ಜಾಸ್ತಿ. ಆದರೂ ಬರಪೀಡಿತ ತಾಲೂಕುಗಳ ಪಟ್ಟಿಯಲ್ಲಿ ನಮ್ಮ ಹೆಸರು ಬಂತಾ ಅಂತ ಪೇಪರ್ ತಿರುವೋ ಜನ ನಾವು. ಬೆಂಗಳೂರಿನ ಹಾಸ್ಟೆಲ್‌ನಲ್ಲಿ ನನ್ನೂರು ಯಾವುದು ಅಂದರೆ "ಹಂಪಿ ಹತ್ರ" ಅನ್ನುತ್ತಿದ್ದೆ. ಯಲಬುರ್ಗಾ ಅಂದರೆ "ನೀರಿಲ್ವಲ್ಲ ಅಲ್ಲಿ?" ಅನ್ನೋರು. ಲಾಂಜರೋಟೆಯವರು ಬರವನ್ನೇ ಬಾಟಲಿಗೆ ತುಂಬಿ ಮಾರುತ್ತಾರೆ, ಅದರ ನಡುವೆ ಓಡೋಕೆ ನನ್ನ ಹತ್ತಿರವೇ ದುಡ್ಡು ಇಸ್ಕೊಳ್ಳುತ್ತಾರೆ. ನಾವು ಬಾಯಿ ಬಡ್ಕೊಳ್ಳೋದು ಬಿಟ್ಟರೆ ಪರಿಹಾರದ ಅರ್ಜಿ. ನಮಗೇನು ಬಂದಿದೆ ದಾಡಿ?

ಇದನ್ನೇ ಸೋದರಮಾವನ ಮುಂದೆ ಭಾಷಣ ಮಾಡಿದೆ, ಫೋನಲ್ಲಿ ಫೋಟೊ ತೋರಿಸುತ್ತಾ. ಆ ಕರಿ ಹರಳು ರಾತ್ರಿಯ ತಂಪು ಹೀರಿಕೊಳ್ಳುತ್ತೆ, ಹಗಲು ಕೆಳಗಿನ ಮಣ್ಣಿನ ತೇವ ಆರೋಕೆ ಬಿಡಲ್ಲ, ಅದಕ್ಕೇ ಬಳ್ಳಿ ಬದುಕೋದು ಅಂದೆ. ಮಾವ ಎಲೆ ಅಡಿಕೆ ಉಗಿದು ಬಂದು ಕೂತರು.

"ನಮ್ಮಪ್ಪ ಎರಿ ಹೊಲಕ್ಕ ಹಳ್ಳದ ಉಸುಕು ಹೇರಿದ್ದು ಮತ್ಯಾಕಂದಿ?"

ನನಗೆ ನೆನಪಾಯಿತು. ಬೇಸಿಗೆ ರಜೆಯಲ್ಲಿ ಬಂಡಿ ತುಂಬಾ ಉಸುಕು, ಅದರ ಮೇಲೆ ನಾನು. ಹೊಲದ ತುಂಬಾ ಗೇಣುದ್ದ ಹರಡುತ್ತಿದ್ದರು. ಉಸುಕು ಬಿದ್ದ ಹೊಲ ಬಿರುಕು ಬಿಡಲ್ಲ, ಮಳೆ ಹರಿದುಹೋಗಲ್ಲ. ಪಕ್ಕದ ಹೊಲದ ಜೋಳ ಒಣಗಿದಾಗ ನಮ್ಮದು ನಿಂತಿರುತ್ತಿತ್ತು. ನಾನು ಅದನ್ನು ಆಟ ಅಂದ್ಕೊಂಡಿದ್ದೆ. ಲಾಂಜರೋಟೆಯಲ್ಲೂ ಬೂದಿ ಬೀಳದ ಹೊಲಗಳಿಗೆ ಬೇರೆ ಕಡೆಯಿಂದ ಬೂದಿ ಹೊತ್ತು ತಂದು ಹರಡಿ ಈರುಳ್ಳಿ ಬೆಳೆಯುತ್ತಾರೆ. ಆ ಮುದುಕನ ಮುಂದೆ ಕೈಕಟ್ಟಿ ಪಾಠ ಕೇಳಿಕೊಂಡು ಬಂದಿದ್ದೆ ನಾನು.

ಆಯ್ತು, ಗೊತ್ತಿತ್ತು ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಒಂದು ಬೋರ್ಡ್ ಯಾಕಿಲ್ಲ, ನೋಡೋಕೆ ಯಾರನ್ನಾದರೂ ಯಾಕೆ ಕರೆಯಲ್ಲ ಅಂದೆ. "ಕರಿ. ಹೊಲದಾಗ ಓಡಿ ಬೆಳಿ ತುಳೀಲಿ. ಓಟ ನೋಡಬೇಕಂದ್ರ ಗವಿಮಠದ ಜಾತ್ರಿಗೆ ಬಾ, ರೊಟ್ಟಿ ತಿಂದು ಹೋಗು, ಯಾರೂ ರೊಕ್ಕ ಕೇಳೂದಿಲ್ಲ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೋರ್ಡ್ ಬೇಕು ಅನ್ನೋದು ಮಾತ್ರ ಇನ್ನೂ ತಲೆಯಲ್ಲಿದೆ.

ಅಂಗಳದಲ್ಲಿ ಶೂ ಕೊಡವಿದಾಗ ಚಿಟಿಕೆಯಷ್ಟು ಕರಿ ಹರಳು ಉದುರಿತು. ಮಾವ ಬಗ್ಗಿ ಅಂಗೈಗೆ ತಗೊಂಡರು. ಹೆಬ್ಬೆರಳಲ್ಲಿ ತಿಕ್ಕಿ, ಮೂಸಿ, ತಂಬಿಗೆಯಿಂದ ಎರಡು ಹನಿ ನೀರು ಬಿಟ್ಟು ನೋಡಿದರು. ನೀರು ಒಳಗೆ ಹೋಯಿತು.

"ಹಗುರ ಐತಿ," ಅಂದರು. "ಬಂಡಿಗೆ ನಮ್ ಉಸುಕಿನಷ್ಟು ಭಾರ ಆಗೂದಿಲ್ಲ."