ಗೋಡೆಯೊಳಗಿನ ಕಾವೇರಿ

ಮೊದಲು ಅಪವಾದ ಹೊತ್ತದ್ದು ನುಸಿಗುಳಿಗೆ. ಬೆಡ್‌ರೂಮಿನ ಬೀರು ತೆಗೆದ ನನ್ನಾಕೆ ಧಾರೆ ಸೀರೆಯನ್ನು ಮೂಗಿಗೆ ಹಿಡಿದು, "ಮುಗ್ಗಲು ವಾಸನೆ ರೀ. ನೀವು ತಂದಿರೋ ನುಸಿಗುಳಿಗೆ ಡೂಪ್ಲಿಕೇಟು" ಎಂದು ತೀರ್ಪು ಕೊಟ್ಟಳು. ಹೊಸ ಪೊಟ್ಟಣ ತಂದಿಟ್ಟೆ. ವಾರದೊಳಗೆ ಎರಡೂ ವಾಸನೆ ಕಲೆತು, ಬೀರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಾಯಿತು.

"ಬೀರು ಸರಿಸಿ ಹಿಂದೆ ನೋಡೋ" ಅಂದದ್ದು ಅಮ್ಮ.

ಸರಿಸಿದೆ. ನೆಲದಿಂದ ಒಂದಡಿ ಮೇಲೆ, ಪೇಂಟು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿತ್ತು. ಉಬ್ಬಿದ ಪೇಂಟನ್ನು ಕಂಡೂ ಒತ್ತದೆ ಬಿಡುವ ಮನುಷ್ಯ ಎಲ್ಲಾದರೂ ಇದ್ದಾನೆಯೇ? ಒತ್ತಿದೆ. ಪಟ್ಟೆಂದು ಒಡೆದು ಹಿಡಿಯಷ್ಟು ಬಿಳಿ ಪುಡಿ ಕಾಲ ಮೇಲೆ ಸುರಿಯಿತು. ಅದರ ಹಿಂದಿನ ಗಾರೆ, ನಾಯಿಯ ಮೂಗು ಮುಟ್ಟಿದ ಹಾಗೆ ತಣ್ಣಗಿತ್ತು. ಗೋಡೆ ಉಪ್ಪು ಬಿಟ್ಟಿತ್ತು. ಸಿಮೆಂಟು, ಇಟ್ಟಿಗೆಯೊಳಗಿನ ಉಪ್ಪನ್ನು ಕರಗಿಸಿಕೊಂಡು ಬಂದ ನೀರು, ತಾನು ಆರಿಹೋಗಿ ಉಪ್ಪನ್ನು ಮಾತ್ರ ನಮಗೆ ಬಿಟ್ಟಿರುತ್ತದೆ. ಗೋಡೆಯ ಆಚೆಗೆ ಬಾತ್‌ರೂಮು.

ಪೇಂಟರ್ ಬಂದು, ಎರಡು ಕೋಟ್ ಡ್ಯಾಂಪ್‌ಪ್ರೂಫ್ ಹೊಡೆದರೆ ಹತ್ತು ವರ್ಷ ಯೋಚನೆ ಇಲ್ಲ ಅಂದ. ಹೊಡೆಸಿದೆ. ಮೂರೇ ತಿಂಗಳಿಗೆ ಅದೇ ಹಪ್ಪಳ, ಈ ಸಲ ಮತ್ತೊಂದಡಿ ಮೇಲೆ. ದಾರಿ ಮುಚ್ಚಿದರೆ ನೀರು ವಾಪಸ್ ಹೋಗುವುದಿಲ್ಲ, ಪಕ್ಕದ ದಾರಿ ಹಿಡಿಯುತ್ತದೆ ಎಂಬುದು ಬೆಂಗಳೂರಿನಲ್ಲಿ ಗಾಡಿ ಓಡಿಸುವ ನನಗಾದರೂ ಹೊಳೆಯಬೇಕಿತ್ತು. ಪಕ್ಕದ ಮನೆಯವರು ತಾರಸಿ ಸೋರುತ್ತಿದೆ ಅಂದರು. ಶಿವರಾತ್ರಿಯ ಹೊತ್ತು, ಮಳೆ ಬಿದ್ದು ಮೂರು ತಿಂಗಳಾಗಿತ್ತು. ಆಫೀಸಿನ ಗೆಳೆಯರೊಬ್ಬರು ನೈಋತ್ಯದಲ್ಲಿ ನೀರಿದ್ದರೆ ಮನೆಯಲ್ಲಿ ದುಡ್ಡು ನಿಲ್ಲುವುದಿಲ್ಲ ಅಂದರು. ಅವರದೊಂದು ಮಾತು ಮಾತ್ರ ಕೊನೆಗೆ ಅಕ್ಷರಶಃ ನಿಜವಾಯಿತು.

ಇನ್ನು ನಾನೇ ಪತ್ತೇದಾರಿಕೆಗೆ ಇಳಿಯುವುದೆಂದು, ಮೊಬೈಲಿನಲ್ಲಿ ಯಾರೋ ಅಮೆರಿಕದವನ ವಿಡಿಯೋ ನೋಡಿದೆ. ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿ ನೀರಿನ ಮೀಟರು ನೋಡಿ; ಪುಟ್ಟ ಚಕ್ರ ತಿರುಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಸರಿ, ರಾತ್ರಿ ಹನ್ನೊಂದಕ್ಕೆ ಗೇಟಿನ ಬಳಿ ಬೋರಲು ಮಲಗಿ ಮೀಟರಿಗೆ ಟಾರ್ಚ್ ಬಿಟ್ಟೆ. ನಾಯಿಗೆ ವಾಕಿಂಗ್ ಮಾಡಿಸುತ್ತಿದ್ದ ಎದುರು ಮನೆಯವರು, "ಏನ್ ಸಾರ್, ಏನಾದ್ರೂ ಕಳ್ಕೊಂಡ್ರಾ?" ಅಂದರು. "ನೀರು" ಅಂದೆ. ಅವರು ಮುಂದೆ ಕೇಳಲಿಲ್ಲ. ನಾಯಿ ಮಾತ್ರ ಸ್ವಲ್ಪ ಹೊತ್ತು ನಿಂತು ನೋಡಿತು.

ಅರ್ಧ ಗಂಟೆಯಾದರೂ ಚಕ್ರ ಅಲ್ಲಾಡಲಿಲ್ಲ. ಸೋರಿಕೆಯೇ ಇಲ್ಲ ಎಂದು ಮನೆಯವರನ್ನೆಲ್ಲ ಎಬ್ಬಿಸಿ ಹೇಳಿದೆ. ಬೆಳಿಗ್ಗೆ ಫೋನಿನಲ್ಲಿ ಪ್ಲಂಬರ್ ಹೊಟ್ಟೆ ಹಿಡಿದು ನಕ್ಕ. "ಸಾರ್, ನಿನ್ನೆ ನೀರು ಬಿಡೋ ದಿನಾನೇ ಅಲ್ವಲ್ಲ!" ಹೌದಲ್ಲ! ನಮ್ಮಲ್ಲಿ ಮೀಟರು ದಾಟಿದ ನೀರು ಸಂಪಿಗೆ, ಸಂಪಿನಿಂದ ಮೋಟರು ಹಾಕಿದರೆ ಟ್ಯಾಂಕಿಗೆ, ಟ್ಯಾಂಕಿನಿಂದ ನಲ್ಲಿಗೆ. ಮನೆಯೊಳಗೆ ಹೊಳೆಯೇ ಹರಿದರೂ ಗೇಟಿನ ಬಳಿಯ ಮೀಟರಿಗೆ ಸುದ್ದಿ ಮುಟ್ಟುವುದಿಲ್ಲ. ಅಮೆರಿಕದವನಿಗೆ ಸಂಪು ಗೊತ್ತಿಲ್ಲ.

ಮುಂದಿನ ಅನುಮಾನ ಫ್ಲಶ್ ಟ್ಯಾಂಕಿನ ಮೇಲೆ. ಟ್ಯಾಂಕಿನೊಳಗೆ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಬೇಕು. ಬಣ್ಣ ಕೆಳಗಿನ ಕಮೋಡಿಗೆ ಇಳಿದರೆ ಒಳಗಿನ ವಾಷರ್ ಸವೆದಿದೆ ಎಂದು ಲೆಕ್ಕ. ಬಣ್ಣಕ್ಕಾಗಿ ಕುಂಕುಮದ ಭರಣಿಗೆ ಕೈ ಹಾಕಿದವನಿಗೆ ಅಮ್ಮ ಕೊಟ್ಟ ನೋಟವನ್ನು ಇಲ್ಲಿ ವರ್ಣಿಸಲಾರೆ. ಆ ದಿನ ಪಲ್ಯಕ್ಕೆ ಬೀಟ್ರೂಟ್ ಬೇಯಿಸಿದ ನೀರಿತ್ತು. ಒಂದು ಚೊಂಬು ಸುರಿದು ಬಂದೆ.

ಆಗಲೇ ತಿಪಟೂರಿನಿಂದ ದೊಡ್ಡಪ್ಪ ಬಂದರು. ಎಪ್ಪತ್ತೆಂಟು ವರ್ಷ, ಕೈಯಲ್ಲಿ ಕಾಯಿ ತುಂಬಿದ ಚೀಲ. ಚೀಲ ಇಳಿಸಿದವರೇ ನೇರ ಬಾತ್‌ರೂಮಿಗೆ ಹೋದರು. ನಾನು ಕಾಯಿ ಎಣಿಸುತ್ತಿದ್ದೆ, ನೆನಪಾಗಲಿಲ್ಲ. ಹೊರಗೆ ಬಂದಾಗ ದೊಡ್ಡಪ್ಪನ ಮುಖ ಸುಣ್ಣವಾಗಿತ್ತು. ಕಾಫಿ ಬೇಡ ಅಂದರು. ಉಪ್ಪಿಟ್ಟೂ ಬೇಡ. ಸೋಫಾದ ಅಂಚಿನಲ್ಲಿ ಕೂತು, "ಜೀವಮಾನ ಅಂದ್ರೆ ಇಷ್ಟೇ ಕಣಯ್ಯ" ಎಂದು ಸಂಜೆಯ ಬಸ್ಸಿಗೇ ಹೊರಟುಬಿಟ್ಟರು. ಅವರು ಹೋದ ಮೇಲೆ ಬಾತ್‌ರೂಮಿಗೆ ಓಡಿದೆ. ಕಮೋಡು ಕೆಂಪೋ ಕೆಂಪು. ಬಣ್ಣ ಇಳಿದದ್ದೋ, ಅವರು ಫ್ಲಶ್ ಮಾಡಿದ್ದೋ ಗೊತ್ತಾಗದೆ ಪ್ರಯೋಗವನ್ನು ಮೊದಲಿನಿಂದ ಮಾಡಬೇಕಾಯಿತು. ವಾಷರ್ ಸವೆದದ್ದು ನಿಜ. ಬದಲಾಯಿಸಿದೆ. ಗೋಡೆಯ ಹಪ್ಪಳ ಹಾಗೇ ಇತ್ತು.

ದೊಡ್ಡಪ್ಪ ಮಾರನೆಯ ದಿನವೇ ಡಾಕ್ಟರ ಬಳಿ ಹೋದರಂತೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಬೀಟ್ರೂಟ್ ಏನಾದ್ರೂ ತಿಂದಿದ್ರಾ?" "ನಾನು ಅದನ್ನ ಮುಟ್ಟೋದೇ ಇಲ್ಲ" ಎಂದು ಇವರು ಪ್ರಾಮಾಣಿಕವಾಗಿ ಹೇಳಿ, ಬರಬಾರದ ಟೆಸ್ಟುಗಳಿಗೆಲ್ಲ ಬರೆಸಿಕೊಂಡು ಬಂದರು. ಎಲ್ಲ ನಾರ್ಮಲ್. ನಿಜ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇನ್ನೂ ಬಂದಿಲ್ಲ.

ಕೊನೆಗೆ ಪ್ಲಂಬರ್ ಹೇಳಿದ ಉಪಾಯವೇ ಕೆಲಸಕ್ಕೆ ಬಂದದ್ದು. ರಾತ್ರಿ ಎಲ್ಲರೂ ಮಲಗಿದ ಮೇಲೆ ತಾರಸಿಯ ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕುವುದು, ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ಮತ್ತೆ ಅಳೆಯುವುದು. ಅರ್ಧ ಬೆರಳು ಇಳಿದಿತ್ತು. ಅರ್ಧ ಬೆರಳೆಂದರೆ ನಗಬೇಡಿ. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಅದು ಒಂದು ಕೊಡದ ಹತ್ತಿರ ಹತ್ತಿರ. ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪಿನಿಂದ ಪಂಪಿಗೆ ಕೈ ಬದಲಾಯಿಸುತ್ತ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬಂದ ಕಾವೇರಿ, ನನ್ನ ಹೆಂಡತಿಯ ಧಾರೆ ಸೀರೆಯ ಹಿಂದೆ ಹೋಗಿ ಕೂತಿದ್ದಳು.

ಟ್ಯಾಂಕಿನಿಂದ ಕೆಳಗಿಳಿಯುವ ಲೈನುಗಳಿಗೆ ಒಂದೊಂದು ಗೇಟ್ ವಾಲ್ವ್ ಇದೆ. ದಿನಕ್ಕೊಂದರಂತೆ ತಿರುಗಿಸಿ ಮುಚ್ಚಿದೆ. ಅಡುಗೆಮನೆಯದು ಮುಚ್ಚಿದ ರಾತ್ರಿಯೂ ನೀರು ಇಳಿಯಿತು. ಸೋಲಾರ್‌ನದು ಮುಚ್ಚಿದಾಗಲೂ ಇಳಿಯಿತು, ಮೇಲಾಗಿ ಮಗಳು ತಣ್ಣೀರಲ್ಲಿ ಸ್ನಾನ ಮಾಡಿ ಕಾಲೇಜಿಗೆ ಹೋದಳು. ಬಾತ್‌ರೂಮಿನ ತಣ್ಣೀರು ಲೈನು ಮುಚ್ಚಿದ ರಾತ್ರಿ ಕೋಲಿನ ಗುರುತು ಕೂದಲೆಳೆಯಷ್ಟೂ ಕದಲಲಿಲ್ಲ. ಬೆಳಿಗ್ಗೆ ಐದೂವರೆಗೆ ತಾರಸಿಯ ಮೇಲೆ ಕೋಲು ಹಿಡಿದು ಕುಣಿದೆ. ಎದುರು ಮನೆಯ ನಾಯಿ ಬೊಗಳಿತು.

ಪ್ಲಂಬರ್ ಬಂದ. ಐದು ರೂಪಾಯಿ ನಾಣ್ಯದಿಂದ ಟೈಲ್ಸ್ ತಟ್ಟುತ್ತ ಹೋದ. ಟಣ್, ಟಣ್, ಟಣ್, ಡಬ್. "ಟೊಳ್ಳು" ಅಂದ. ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಿಟ್ಟು, ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿದ. ನಾವೆಲ್ಲ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತೆವು. "ಇಲ್ಲೇ ಸಾರ್. ಒಡೀಲಾ?"

ಮನೆ ಕಟ್ಟಿಸಿದ್ದು 2009ರಲ್ಲಿ. ಆ ಟೈಲ್ಸ್ ಈಗ ಬರುವುದಿಲ್ಲ ಎಂದು ಅಂಗಡಿಯವನು ಆಗಲೇ ಹೇಳಿದ್ದ. "ಒಡಿ" ಅಂದೆ. ನಾಲ್ಕು ಟೈಲ್ಸ್ ಬಿದ್ದವು, ಗಾರೆ ಬಿತ್ತು, ಪೈಪು ಕಂಡಿತು. ಪೈಪಿನ ನಡುವಿಗೆ, ಚಿತ್ರಪಟದಲ್ಲಿ ರಾಕ್ಷಸನ ಎದೆಗೆ ನಾಟಿದ ಬಾಣದ ಹಾಗೆ, ಒಂದು ಸ್ಕ್ರೂ. ಅದರ ಸುತ್ತ ನೀರು ಸದ್ದಿಲ್ಲದೆ ಒಸರುತ್ತಿತ್ತು.

"ಟವೆಲ್ ರಾಡ್ ಯಾರ್ ಸಾರ್ ಹಾಕಿದ್ದು?"

"ಯಾರೋ ಹಳೇ ಪ್ಲಂಬರ್" ಅಂದೆ, ಬಲ್ಬಿನ ಕಡೆ ನೋಡುತ್ತ.

ಮಗಳು ಆಗಲೇ ಮೊಬೈಲಿನಲ್ಲಿ ಫ್ಯಾಮಿಲಿ ಗ್ರೂಪನ್ನು ಹಿಂದಕ್ಕೆ ಸರಿಸುತ್ತಿದ್ದಳು. 2020ರ ಲಾಕ್‌ಡೌನಿನ ಫೋಟೋ ಸಿಕ್ಕಿತು. ಪಂಚೆ ಎತ್ತಿ ಕಟ್ಟಿ, ಹೊಸ ಡ್ರಿಲ್ಲಿಂಗ್ ಮಷಿನ್ನನ್ನು ಬಂದೂಕಿನ ಹಾಗೆ ಹಿಡಿದು, ಟವೆಲ್ ರಾಡಿನ ಪಕ್ಕ ನಿಂತಿದ್ದೇನೆ. ಕೆಳಗೆ ನಾನೇ ಬರೆದ ಒಕ್ಕಣೆ: "ಪ್ಲಂಬರ್‌ಗೆ ಕೊಡೋ ಮುನ್ನೂರು ರೂಪಾಯಿ ಉಳೀತು." ಹದಿನೇಳು ಜನ ಹೆಬ್ಬೆರಳು ಎತ್ತಿದ್ದರು. ಮೊದಲ ಹೆಬ್ಬೆರಳು ದೊಡ್ಡಪ್ಪನದು.

ಪ್ಲಂಬರ್ ಸಮಾಧಾನ ಮಾಡಿದ. "ಸ್ಕ್ರೂನೇ ಬಿರಡೆ ಥರಾ ತೂತು ಮುಚ್ಕೊಂಡಿತ್ತು ಸಾರ್. ತುಕ್ಕು ಹಿಡಿದು ಸವೆದಿದ್ದಕ್ಕೆ ಈಗ ಬಿಟ್ಟಿದೆ. ಅಷ್ಟು ಟೈಟಾಗಿ ಹಾಕಿದ್ರಿ." ಹೊಗಳಿಕೆಯೋ ಏನೋ, ಇಟ್ಟುಕೊಂಡೆ. ಅಷ್ಟುದ್ದ ಪೈಪು ಕೊಯ್ದು, ಹೊಸ ತುಂಡು ಸಾಲ್ವೆಂಟ್ ಹಾಕಿ ಕೂರಿಸಿ, ನಾಲ್ಕು ಬೇರೆ ಬಣ್ಣದ ಟೈಲ್ಸ್ ಅಂಟಿಸುವ ಹೊತ್ತಿಗೆ, ಪೇಂಟರ್ ಮತ್ತು ಟೈಲ್ಸಿನವನದೂ ಸೇರಿ, ಮುನ್ನೂರು ರೂಪಾಯಿಗೆ ಎರಡು ಸೊನ್ನೆ ಸೇರಲು ಸ್ವಲ್ಪವೇ ಕಡಿಮೆಯಿತ್ತು.

ಕಸದ ಜೊತೆ ಆ ಸ್ಕ್ರೂ ಎಸೆಯಲು ಹೊರಟೆ. ಅಮ್ಮ ಕೈ ಹಿಡಿದಳು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಸೆರಗಿನಿಂದ ತುಕ್ಕು ಒರೆಸಿ, ಹಳೆ ಬಿಸ್ಕತ್ತು ಡಬ್ಬಿಯೊಳಗೆ ಮಿಕ್ಕ ಮೊಳೆಗಳ ಜೊತೆ ಹಾಕಿದಳು.

"ಇನ್ನೂ ಗಟ್ಟಿ ಇದೆ ಕಣೋ. ಆ ರಾಡ್ ಹಾಕೋಕೆ ಬೇಕಾಗುತ್ತೆ."