ಸೊಸೆಯನ್ನು ತಂದುಕೊಂಡೆ, ಸಿಂಹಾಸನ ಹೋಯ್ತು

ತಪ್ಪು ಪೂರ್ತಿ ನನ್ನದೇ, ಮೊದಲೇ ಹೇಳಿಬಿಡುತ್ತೇನೆ.

ಕ್ರುಸೇಡರ್ ಕಿಂಗ್ಸ್ 3 ಅಂತ ಒಂದು ಗೇಮ್ ಇದೆ, 2020ರಲ್ಲಿ ಬಂದದ್ದು. ಅದರಲ್ಲಿ ಯುದ್ಧಕ್ಕಿಂತ ಸಂಬಂಧ ಕುದುರಿಸುವ ಕೆಲಸವೇ ಜಾಸ್ತಿ. 1066ರ ಐರ್ಲೆಂಡ್‌ನಲ್ಲಿ ಮನ್‌ಸ್ಟರ್‌ನ ಸಣ್ಣ ರಾಜನಾಗಿ ಶುರು ಮಾಡಿದೆ. ಹೊಸಬರಿಗೆ ಆಟ ಕಲಿಸುವುದೇ ಅವನನ್ನು ಕೊಟ್ಟು. ಹೆಸರು ಮುರ್ಖಾದ್. ಹೆಸರಲ್ಲೇ ಸುಳಿವಿತ್ತು, ನಾನು ಗಮನಿಸಲಿಲ್ಲ.

ರಾಜ ಸತ್ತರೆ ಅವನದೇ ವಂಶದ ವಾರಸುದಾರನಾಗಿ ಆಡಬೇಕು. ಹಾಗೆ ಮುರ್ಖಾದನ ಮೊಮ್ಮಗನ ತನಕ ಬಂದೆ. ನನಗೆ ಒಬ್ಬನೇ ಮಗ. ಅವನಿಗೆ ಹುಡುಗಿ ಹುಡುಕುವಾಗ ಕಣ್ಣಿಗೆ ಬಿದ್ದವಳು ಪಕ್ಕದ ಲೆನ್‌ಸ್ಟರ್‌ನವಳು, ನಮಗೆ ಆಗಿಬರದ ಮನೆತನದ ಒಬ್ಬ ಚಿಲ್ಲರೆ ಸಾಮಂತನ ಎರಡನೇ ಮಗಳು. ಜಮೀನಿಲ್ಲ, ಪದವಿ ಇಲ್ಲ, ಆದರೆ ಜೀನಿಯಸ್! ಈ ಗೇಮ್‌ನಲ್ಲಿ ಬುದ್ಧಿ ಮಕ್ಕಳಿಗೂ ಇಳಿಯುತ್ತದೆ, ಹಾಗಾಗಿ ನನಗೆ ಆಸೆ ಹತ್ತಿತು.

ಕೇಳಿದರೆ ಅಪ್ಪ ಒಪ್ಪಲಿಲ್ಲ. ಕೆಂಪು ಗುರುತು. ಕೆಳಗೆ ಮ್ಯಾಟ್ರಿಲೀನಿಯಲ್ ಅಂತ ಸಣ್ಣ ಚೌಕ ಇತ್ತು. ಸುಮ್ನೆ ಒತ್ತಿದೆ. ಹಸಿರಾಯಿತು! ಅಷ್ಟರಲ್ಲಿ ಒಲೆ ಮೇಲಿಟ್ಟ ಹಾಲಿನ ನೆನಪಾಗಿ, ಓದದೆ ಸರಿ ಅಂತ ಕ್ಲಿಕ್ ಮಾಡಿ ಓಡಿದೆ. ಹಾಲೂ ಉಕ್ಕಿಹೋಗಿತ್ತು.

ಮೂರು ಮೊಮ್ಮಕ್ಕಳಾದರು. ಇಬ್ಬರು ಅಮ್ಮನ ಹಾಗೇ ಜೀನಿಯಸ್, ನಾನು ಬೀಗಿದ್ದೇ ಬೀಗಿದ್ದು. ಅವರ ಚಿತ್ರದ ಪಕ್ಕ ಇದ್ದ ಪುಟ್ಟ ಗುರಾಣಿ, ಅಂದರೆ ಮನೆತನದ ಲಾಂಛನ, ನಮ್ಮದಲ್ಲ, ಬೀಗರದ್ದು ಅನ್ನುವುದು ಹದಿನೈದು ವರ್ಷ ನನ್ನ ಕಣ್ಣಿಗೇ ಬೀಳಲಿಲ್ಲ. ಆಮೇಲೆ ನಾನು ಸತ್ತೆ. ಮಗನಾಗಿ ಆಡಿದೆ, ಅವನೂ ಜ್ವರ ಬಂದು ಸತ್ತ. ನಿಮ್ಮ ವಂಶದಲ್ಲಿ ಇನ್ನು ಯಾರೂ ಇಲ್ಲ, ಆಟ ಮುಗಿಯಿತು ಅಂತ ಪರದೆ ಮೇಲೆ ಬಂತು. ಸಿಂಹಾಸನದ ಮೇಲೆ ನನ್ನದೇ ಮೊಮ್ಮಗ ಕೂತಿದ್ದಾನೆ, ಮನೆತನ ಮಾತ್ರ ಸೊಸೆಯದ್ದು. ಮ್ಯಾಟ್ರಿಲೀನಿಯಲ್ ಅಂದರೆ ಮಕ್ಕಳು ತಾಯಿಯ ಮನೆತನಕ್ಕೆ ಸೇರುವ ಮದುವೆಯಂತೆ. ಒಂದು ಸಲ ಕತ್ತಿ ಎತ್ತದೆ, ಒಂದು ತೊಟ್ಟು ವಿಷ ಹಾಕದೆ, ಇಡೀ ಮನ್‌ಸ್ಟರ್ ತಗೊಂಡಳು.

"ಅಯ್ಯೋ ಸೊಸೆ ಮನೆ ಹಾಳು ಮಾಡಿದಳಲ್ಲ!" ಅಂತ ಕೂಗಿಬಿಟ್ಟೆ. ಉಡುಪಿಯಿಂದ ಬಂದಿದ್ದ ದೊಡ್ಡಮ್ಮ ಒಳಗಿನಿಂದ ಓಡಿ ಬಂದರು. ಅವರು ಬಂದಿದ್ದೇ ಮಗನಿಗೆ ಹೆಣ್ಣು ನೋಡಲು, ಕಿವಿ ನಿಮಿರದೆ ಇರುತ್ತದಾ? ಗೇಮ್ ಅಂತ ಸಮಾಧಾನ ಮಾಡಿ ಕಥೆ ಪೂರ್ತಿ ಹೇಳಿದೆ.

"ಎಂತ ಮಾರಾಯ, ಅದು ನಮ್ಮ ಅಳಿಯಸಂತಾನದ ಹಾಗೇ ಅಲ್ವಾ? ನಿನಗೆ ಬರಿ ಬಂದದ್ದು ಎಲ್ಲಿಂದ? ಅಮ್ಮನಿಂದ ತಾನೇ? ಬಂಟರ ಮನೆಯಲ್ಲಿ ಹುಟ್ಟಿ ಇದು ಗೊತ್ತಾಗ್ಲಿಲ್ವಾ?"

ತಾಯಿಯ ಕಡೆಯಿಂದ ವಂಶ ಸಾಗುವ ಪದ್ಧತಿ ಅಳಿಯಸಂತಾನ, ಬರಿ ಅಂದರೆ ನಮ್ಮಲ್ಲಿ ಗೋತ್ರದಂಥದ್ದು. ನಾನು ಮಾತಾಡಲಿಲ್ಲ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪರದೆ ಹತ್ತಿರ ಬಗ್ಗಿ ಆ ಸೊಸೆಯ ಮುಖ ಚೆನ್ನಾಗಿ ನೋಡಿದರು.

"ಹುಡುಗಿ ಜೋರಿದ್ದಾಳೆ. ತಂಗಿ ಇದ್ದಾಳಾ ನೋಡು."