ಕಲಬುರಗಿ ಬಿಸಿಲು, ಹಳೇ ಯೆಜ್ಡಿ, ಅದರ ಕಾರ್ಬುರೇಟರ್

ಹಳೇ ಯೆಜ್ಡಿ ಬೈಕನ್ನು ಕಚ್ಚಾ ರಸ್ತೆಗೆ ಇಳಿಸೋದು ಸುಲಭ, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬುರೇಟರ್ ಟ್ಯೂನ್ ಮಾಡೋದಿದೆಯಲ್ಲ, ಅದು ಸಾಕುಸಾಕು ಮಾಡುತ್ತದೆ. ಬೆಳಿಗ್ಗೆ ತಂಪಲ್ಲಿ ಏರ್ ಸ್ಕ್ರೂ ತಿರುಗಿಸಿ ತಿರುಗಿಸಿ ಐಡ್ಲಿಂಗ್ ಕೂರಿಸಿರುತ್ತೇನೆ, ಮಧ್ಯಾಹ್ನ 42 ಡಿಗ್ರಿ ಬಿಸಿಲಿಗೆ ಗಾಳಿ ತೆಳುವಾಗಿ ಪೆಟ್ರೋಲ್ ಪಾಲು ಜಾಸ್ತಿಯಾಗುತ್ತದೆ, ಸೇಡಂ ರಸ್ತೆಯಲ್ಲೇ ಗಾಡಿ ಬಂದ್. ಪ್ಲಗ್ ಬಿಚ್ಚಿದರೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು, ತುದಿಯಲ್ಲಿ ಆಯಿಲ್ ಜಿಡ್ಡು.

ಮಿಸ್ತ್ರಿಯ ಮೊದಲ ಮಾತೇ, 'ಸಣ್ಣ ಜೆಟ್ ಹಾಕಿದ್ರ ಮೈಲೇಜ್ ಬರ್ತದ್ರೀ'. ಜೆಟ್ ಅಂದರೆ ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹಾಯೋ ತೂತಿರೋ ಪುಟ್ಟ ತಿರುಪು. ಮೈಲೇಜ್ ಯಾರಿಗೆ ಬೇಕು! ಈ ಟೂ ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಪೆಟ್ರೋಲಲ್ಲೇ ಬೆರೆತಿರುತ್ತದೆ, ಪೆಟ್ರೋಲ್ ಕಮ್ಮಿ ಆದರೆ ಅದರ ಜೊತೆ ಆಯಿಲ್ಲೂ ಕಮ್ಮಿ ಅಲ್ವಾ? ಪಿಸ್ಟನ್ ಜಾಮ್ ಆದರೆ ಸಿಲಿಂಡರ್ ಬೋರ್ ಮಾಡಿಸೋ ಖರ್ಚು ಅವನು ಕೊಡ್ತಾನಾ? ಸುಮ್ನೆ ಪೆಟ್ರೋಲ್ ಅಳೆಯೋ ಸೂಜಿಯ, ಅಂದರೆ ನೀಡಲ್‌ನ, ಕ್ಲಿಪ್ ಒಂದು ಕಚ್ಚು ಮೇಲೆ ಹಾಕಿ ಪೆಟ್ರೋಲ್ ಸ್ವಲ್ಪವೇ ತಗ್ಗಿಸಿ ನೋಡೋಣ ಅಂದರೆ ಕೇಳೋದಿಲ್ಲ, ಹಿತ್ತಾಳೆ ಜೆಟ್‌ನ ಸೂಜಿಮೊನೆಯಷ್ಟು ತೂತಿಗೆ ಕ್ಲಚ್ ಕೇಬಲ್ಲಿನ ತಂತಿ ತೂರಿಸಿ ಗಸಗಸ ತಿಕ್ಕುತ್ತಾನೆ. ತೂತು ಹಿಗ್ಗಿದ ಮೇಲೆ ಇನ್ಯಾವ ಟ್ಯೂನಿಂಗು?